ತೋಟದ ಜೀಪು: ಮೊದಲು ಬ್ರೇಕು, ಆಮೇಲೆ ಬಂಪರು



ಮಳೆಗಾಲ ಮುಗಿದು ಕೊಯ್ಲಿನ ಕೆಲಸ ಶುರುವಾಗುವುದರೊಳಗೆ ನಮ್ಮ ಭಾಗದ ವರ್ಕ್‌ಶಾಪುಗಳ ಮುಂದೆ ಹಳೆಯ ಜೀಪುಗಳು ಸಾಲುಗಟ್ಟಿ ನಿಲ್ಲುವುದು ವಾಡಿಕೆ. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿನಲ್ಲಿ ಒಂದು ಹೊಸ ಬಗೆಯ ಕೆಲಸ ಕಾಣುತ್ತಿದೆ. ರಿಪೇರಿಗೆ ಬಂದ ಜೀಪು ರಿಪೇರಿಯಾಗಿ ಹೋಗುವುದಿಲ್ಲ. ಎತ್ತರಿಸಲ್ಪಟ್ಟು, ದಪ್ಪ ಟೈರು ತೊಟ್ಟು, ಮುಂದೆ ಕಬ್ಬಿಣದ ಬಂಪರು ಹೊತ್ತು, ನೆತ್ತಿಯ ಮೇಲೆ ದೀಪಗಳ ಸಾಲು ಏರಿಸಿಕೊಂಡು ಹೋಗುತ್ತದೆ. ಹಳೆಯ ಗಾಡಿಯನ್ನು ಗುಜರಿಗೆ ಹಾಕದೆ ಮತ್ತೆ ಕಟ್ಟಿ ನಿಲ್ಲಿಸುವ ಈ ಉತ್ಸಾಹವನ್ನು ನಾವು ಮೆಚ್ಚುತ್ತೇವೆ. ಆದರೆ ಕಟ್ಟುವ ಕ್ರಮ ತಲೆಕೆಳಗಾಗಿದೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮೊದಲು ಆಗಬೇಕಾದುದು ಕೊನೆಗೆ ಉಳಿಯುತ್ತಿದೆ. ಎಷ್ಟೋ ಸಲ ಅದಕ್ಕೆ ಹಣವೂ ಉಳಿಯುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಇಂಥ ಜೀಪಿಗೆ ಸರಿಯಾಗಿ ಒಪ್ಪುತ್ತದೆ.

ಇದು ಬರೀ ಹವ್ಯಾಸದ ಮಾತಾಗಿದ್ದರೆ ಈ ಪುಟದಲ್ಲಿ ಇದಕ್ಕೆ ಜಾಗ ಕೊಡುತ್ತಿರಲಿಲ್ಲ. ಭಾನುವಾರ ಗುಡ್ಡ ಹತ್ತಿದ ಅದೇ ಜೀಪು ಸೋಮವಾರ ಬೆಳಿಗ್ಗೆ ಆಳುಗಳನ್ನು ತುಂಬಿಕೊಂಡು ತೋಟದ ಇಳಿಜಾರು ಇಳಿಯುತ್ತದೆ. ಆದ್ದರಿಂದ ಈ ವಿಷಯ ನಮ್ಮೆಲ್ಲರಿಗೂ ಸೇರಿದ್ದು.

ಗಟ್ಟಿ ಆಕ್ಸಲ್ ಏಕೆ ಬೇಕು?

ಮೊದಲಿಗೆ, ಹಳೆಯ ಜೀಪಿನ ಪರವಾಗಿ ಹೇಳಬೇಕಾದ ಮಾತನ್ನು ಹೇಳಿಬಿಡುತ್ತೇವೆ. ಇದರ ಮುಂದಿನ ಎರಡು ಚಕ್ರಗಳು ಒಂದೇ ಉಕ್ಕಿನ ಕೊಳವೆಯ ಎರಡು ತುದಿಗಳಲ್ಲಿ ಕುಳಿತಿವೆ, ಹಿಂದಿನವೂ ಹಾಗೆಯೇ. ಇದನ್ನೇ ಗಟ್ಟಿ ಆಕ್ಸಲ್ ಅಥವಾ ಸಾಲಿಡ್ ಆಕ್ಸಲ್ ಎನ್ನುವುದು. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದರೆ ಇಡೀ ಆಕ್ಸಲ್ ಓರೆಯಾಗಿ, ಇನ್ನೊಂದು ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಈಗಿನ ಬಹುತೇಕ ಗಾಡಿಗಳಲ್ಲಿ ಮುಂದಿನ ಒಂದೊಂದು ಚಕ್ರವೂ ತನ್ನಷ್ಟಕ್ಕೆ ತಾನೇ ಏರಿಳಿಯುತ್ತದೆ. ಟಾರು ರಸ್ತೆಯಲ್ಲಿ ಅದು ಸುಖ. ಆದರೆ ಭಾರ ಹೇರಿದಾಗ, ಹಳ್ಳಕ್ಕೆ ಧುಮುಕಿದಾಗ, ಅಂಥ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರವಾಗುತ್ತದೆ. ಗಟ್ಟಿ ಆಕ್ಸಲಿನಲ್ಲಿ ಡಿಫರೆನ್ಷಿಯಲ್ ಗುಂಡಿನ ಕೆಳಗಿನ ಎತ್ತರ, ಟೈರಿನ ಗಾಳಿ ಸರಿಯಾಗಿರುವವರೆಗೆ, ಭಾರ ಹೇರಿದರೂ ಇಳಿಸಿದರೂ ಒಂದೇ. ಯಾವ ಕಲ್ಲಿನ ಮೇಲೆ ಹೋಗಬಹುದು, ಯಾವುದನ್ನು ಬಳಸಿ ಹೋಗಬೇಕು ಎಂದು ಚಾಲಕನಿಗೆ ಕಣ್ಣಳತೆಯಲ್ಲೇ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಸ್ಪ್ರಿಂಗ್ ಪ್ಲೇಟು ಮುರಿದರೆ ಹಳ್ಳಿಯ ಕಮ್ಮಾರನ ಕುಲುಮೆಯ ಪಕ್ಕದಲ್ಲೇ ಬದಲಿಸಬಹುದು. ಯು-ಬೋಲ್ಟು, ಬುಷ್, ಬೇರಿಂಗು, ಆಯಿಲ್ ಸೀಲು - ಯಾವುದಕ್ಕೂ ಕಂಪ್ಯೂಟರು ಹಚ್ಚಿ ನೋಡಬೇಕಾಗಿಲ್ಲ. ಕೊಳೆರೋಗದ ಕಾಲದಲ್ಲಿ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ, ನೀರಿನ ಡ್ರಮ್ಮು ಎಲ್ಲವನ್ನೂ ಕೆಸರಿನ ದಾರಿಯಲ್ಲಿ ಅಡಿಕೆ ತೋಟದವರೆಗೆ ಮುಟ್ಟಿಸಬೇಕು. ಕಾಫಿ ಕೊಯ್ಲಿನಲ್ಲಿ ಹಣ್ಣಿನ ಮೂಟೆಗಳನ್ನು ಅಂದಂದೇ ಕಣಕ್ಕೆ ಇಳಿಸಬೇಕು. ಆ ಹೊತ್ತಿಗೆ ನಡುದಾರಿಯಲ್ಲಿ ನಿಂತರೂ ಅಲ್ಲೇ ಬಿಚ್ಚಿ ಕಟ್ಟಬಹುದಾದ ಗಾಡಿಯೇ ಬೆಳೆಗಾರನ ಗಾಡಿ.

ಎಲ್ಲಿಂದ ಬಂತು ಈ ಗಾಡಿ

1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕೂ ಚಕ್ರಗಳಿಗೆ ಎಳೆತವಿರುವ ಗಾಡಿಯೊಂದನ್ನು ಬಯಸಿತು. ಅದರಿಂದ ಹುಟ್ಟಿದ್ದು ವಿಲ್ಲೀಸ್ ಜೀಪು. ಸೈನ್ಯದ ಲೆಕ್ಕದಲ್ಲಿ ಅದು ಕಾರಲ್ಲ. 'ಕಾಲು ಟನ್ನಿನ ಟ್ರಕ್ಕು'. ಈ ಮಾತನ್ನು ಸದಸ್ಯರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ. ಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದ ಜೀಪುಗಳು ತೋಟಗಳಿಗೆ ಬಂದವು. 1945ರಲ್ಲಿ ಸ್ಥಾಪನೆಯಾಗಿ ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರಾದ ಸಂಸ್ಥೆ ಅದೇ ದಶಕದಲ್ಲಿ ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಆರಂಭಿಸಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಅಮೆರಿಕದಲ್ಲಿ ನಿಂತುಹೋದ ಮೇಲೂ ಇಲ್ಲಿ ಬಹುಕಾಲ ತಯಾರಾಗುತ್ತಿತ್ತು. ಆಮೇಲೆ ಡೀಸೆಲ್ ಎಂಜಿನ್ನುಗಳು ಬಂದವು. ಪ್ಯೂಜೋ ಕಂಪನಿಯ ಪರವಾನಗಿಯಲ್ಲಿ ತಯಾರಾದ 2,112 ಸಿಸಿ ಎಂಜಿನ್ನಿನ ಎಂಎಂ-540 ಜೀಪು ನಮ್ಮ ಹಿರಿಯ ಸದಸ್ಯರಿಗೆಲ್ಲ ಪರಿಚಿತ. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಅದಕ್ಕೂ ಹಿಂದೆ ಮುಂದೆ ಗಟ್ಟಿ ಆಕ್ಸಲ್, ಪ್ಲೇಟ್ ಸ್ಪ್ರಿಂಗು.

ಈ ಬಗೆಯ ಹೊಸ ಗಾಡಿಗಳು ಈಗ ವಿರಳ. 2010ರಲ್ಲಿ ಬಂದ ಥಾರ್ ಗಾಡಿಯ ಕೆಲವು ಮಾದರಿಗಳಲ್ಲೇ ಮುಂದಿನ ಆಕ್ಸಲ್ ಗಟ್ಟಿಯಾಗಿ ಉಳಿಯಲಿಲ್ಲ. 2021ರ ಗೂರ್ಖಾ ಸಹ ಅದೇ ದಾರಿ ಹಿಡಿಯಿತು. 2023ರಲ್ಲಿ ಬಂದ ಜಿಮ್ನಿಯಲ್ಲಿ ಮಾತ್ರ ಎರಡೂ ಕಡೆ ಗಟ್ಟಿ ಆಕ್ಸಲ್ ಇದೆ. ಆದರೆ ಅದು ಮೂಟೆ ಹೊರುವ ಗಾಡಿಯಲ್ಲ. ಹೀಗಾಗಿ ಇರುವ ಹಳೆಯ ಜೀಪನ್ನೇ ಕಾಪಾಡಿಕೊಳ್ಳುವುದು ನಮ್ಮಂಥವರಿಗೆ ಹುಚ್ಚಲ್ಲ, ಲೆಕ್ಕಾಚಾರ.

ಎತ್ತರಿಸಿದರೆ ಏನಾಗುತ್ತದೆ?

ಪ್ಲೇಟ್ ಸ್ಪ್ರಿಂಗುಗಳನ್ನು ಆಕ್ಸಲಿನ ಕೆಳಗಿನಿಂದ ತೆಗೆದು ಮೇಲಕ್ಕೆ ಕೂರಿಸಿದರೆ ಜೀಪು ಐದಾರು ಅಂಗುಲ ಎದ್ದು ನಿಲ್ಲುತ್ತದೆ. ಕಡಿಮೆ ಖರ್ಚಿನ ಕೆಲಸವೆಂದು ಬಹಳ ಜನ ಇದನ್ನೇ ಮೊದಲು ಮಾಡಿಸುತ್ತಾರೆ. ಇದರ ಫಲವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಎಡ ಬಲ ಚಕ್ರಗಳ ನಡುವಿನ ಅಗಲ 48 ಅಂಗುಲ, ಗಾಡಿಯ ಭಾರಕೇಂದ್ರ ನೆಲದಿಂದ 26 ಅಂಗುಲ ಎತ್ತರದಲ್ಲಿದೆ ಎಂದು ಇಟ್ಟುಕೊಳ್ಳಿ. ನಿಂತ ಗಾಡಿಯನ್ನು ಪಕ್ಕಕ್ಕೆ ವಾಲಿಸುತ್ತ ಹೋದರೆ, ಕಾಗದದ ಲೆಕ್ಕದಲ್ಲಿ, ಸುಮಾರು 43 ಡಿಗ್ರಿಯಲ್ಲಿ ಅದು ಮಗುಚುತ್ತದೆ. ಭಾರಕೇಂದ್ರ ಐದು ಅಂಗುಲ ಮೇಲೇರಿ 31 ಆದರೆ 38 ಡಿಗ್ರಿಗೆ ಮಗುಚುತ್ತದೆ. ಹಿಂಬದಿಯಲ್ಲಿ ಜನ ತುಂಬಿ ಅದು ಇನ್ನೂ ನಾಲ್ಕು ಅಂಗುಲ ಏರಿದರೆ 34 ಡಿಗ್ರಿ ಸಾಕು. ಇದು ಅಲುಗಾಡದೆ ನಿಂತ ಗಾಡಿಯ ಲೆಕ್ಕ. ಸ್ಪ್ರಿಂಗು ಒಂದು ಬದಿಗೆ ಕುಗ್ಗುವುದು, ಕೆಳಬದಿಯ ಚಕ್ರ ಗುಂಡಿಗೆ ಇಳಿಯುವುದು, ತಿರುವಿನ ವೇಗ, ಕುಳಿತವರು ಒಂದೇ ಕಡೆಗೆ ವಾಲುವುದು ಇವನ್ನೆಲ್ಲ ಸೇರಿಸಿದರೆ ನಿಜವಾದ ಅಳತೆ ಇನ್ನೂ ಎಷ್ಟೋ ಕಡಿಮೆ. ಓರೆ ದಾರಿಯಲ್ಲಿ ಹೋಗುವ ತೋಟದ ಗಾಡಿಗೆ ಈ ಒಂಬತ್ತು ಡಿಗ್ರಿ ಎಂದರೆ ಮನೆಗೆ ಬರುವುದಕ್ಕೂ ಬಾರದಿರುವುದಕ್ಕೂ ಇರುವ ಅಂತರ.

ಎತ್ತರಿಸಿದ್ದರ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಪ್ರೊಪೆಲರ್ ಶಾಫ್ಟಿನ ಓರೆ ಹೆಚ್ಚಿ ಕ್ರಾಸುಗಳು ಬೇಗ ಸವೆಯುತ್ತವೆ. ಸ್ಟೇರಿಂಗಿನ ಕಡ್ಡಿ ತನ್ನ ಮೊದಲಿನ ಮಟ್ಟ ಕಳೆದುಕೊಂಡು, ಗುಂಡಿಗೆ ಬಿದ್ದಾಗಲೆಲ್ಲ ಸ್ಟೇರಿಂಗ್ ತಾನಾಗಿ ತಿರುಗುತ್ತದೆ. ಬ್ರೇಕಿನ ರಬ್ಬರು ಪೈಪು ಮೊದಲಿನ ಉದ್ದದಲ್ಲೇ ಉಳಿದಿದ್ದರೆ, ಆಕ್ಸಲ್ ಪೂರ್ತಿ ಇಳಿಬಿದ್ದಾಗ ಅದು ಬಿಗಿದು ಹರಿಯುವ ಸಂಭವವಿದೆ.

ಟೈರಿನದೂ ಇದೇ ಕತೆ. 28 ಅಂಗುಲ ಎತ್ತರದ ಟೈರಿನ ಜಾಗದಲ್ಲಿ 31 ಅಂಗುಲದ್ದು ಹಾಕಿದರೆ ಸುತ್ತಳತೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬೆಳೆಯುತ್ತದೆ. ಎಳೆತ ಅಷ್ಟು ಕಡಿಮೆಯಾಯಿತು. ಅದೇ ಬ್ರೇಕು ಅಷ್ಟು ಹೆಚ್ಚು ದುಡಿಯಬೇಕಾಯಿತು. ಮೀಟರು 40 ತೋರಿಸುವಾಗ ಗಾಡಿ 44ರಲ್ಲಿ ಓಡುತ್ತಿರುತ್ತದೆ. ಆಕ್ಸಲಿನ ಕೆಳಗೆ ಸಿಕ್ಕಿದ್ದು ಒಂದೂವರೆ ಅಂಗುಲ ಮಾತ್ರ.

ಸರಿಯಾದ ಕ್ರಮ

ಹಾಗಾದರೆ ಹಳೆಯ ಜೀಪನ್ನು ಉತ್ತಮಪಡಿಸಲೇಬಾರದೇ? ಖಂಡಿತ ಉತ್ತಮಪಡಿಸಬೇಕು. ನಮ್ಮ ಅಭಿಪ್ರಾಯದಲ್ಲಿ ಅದರ ಕ್ರಮ ಹೀಗಿರಬೇಕು.

ಮೊದಲನೆಯದು ಬ್ರೇಕು. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ಮು. ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ದಾರಿ. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೆ ಹೋಗುತ್ತದೆ. ಹಿಂದಕ್ಕೂ ಮುಂದಕ್ಕೂ ಬೇರೆ ಬೇರೆ ದಾರಿಯಿರುವ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿಸಿದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಹಣವಿದ್ದವರು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಬಹುದು. ಹಳ್ಳ ದಾಟಿದ ಮೇಲೆ ಡ್ರಮ್ಮಿಗಿಂತ ಅದು ಬೇಗ ಒಣಗುತ್ತದೆ, ಕೆಸರೂ ನಿಲ್ಲುವುದಿಲ್ಲ. ಡ್ರಮ್ಮೇ ಇದ್ದವರು ನೀರು ದಾಟಿದ ಕೂಡಲೇ ನಿಧಾನವಾಗಿ ಚಲಿಸುತ್ತ ಪೆಡಲನ್ನು ಹಗುರವಾಗಿ ಒತ್ತಿ ಲೈನಿಂಗು ಒಣಗಿಸಿಕೊಳ್ಳಬೇಕು. ಬ್ರೇಕ್ ಆಯಿಲು ಗಾಳಿಯ ತೇವ ಹೀರುವ ವಸ್ತು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಕೈ ಬ್ರೇಕು ಇಳಿಜಾರಿನಲ್ಲಿ ಭಾರ ಸಮೇತ ಗಾಡಿಯನ್ನು ಹಿಡಿದು ನಿಲ್ಲಿಸದಿದ್ದರೆ ಆ ಗಾಡಿ ತೋಟಕ್ಕೆ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು.

ಎರಡನೆಯದು ಸ್ಟೇರಿಂಗು ಮತ್ತು ಮುಂದಿನ ಆಕ್ಸಲಿನ ತುದಿಗಳು. ಗುಂಡಿಗೆ ಬಿದ್ದೊಡನೆ ಮುಂದಿನ ಚಕ್ರಗಳು ಗಡಗಡನೆ ನಡುಗುವ ಅನುಭವ ಹಳೆಯ ಜೀಪು ಓಡಿಸಿದವರಿಗೆಲ್ಲ ಗೊತ್ತು. ಕಿಂಗ್‌ಪಿನ್ ಬೇರಿಂಗು, ಟೈರಾಡ್ ಎಂಡು, ಸ್ಪ್ರಿಂಗಿನ ಬುಷ್ಷು, ಚಕ್ರದ ಬೇರಿಂಗು - ಇವುಗಳಲ್ಲಿ ಯಾವುದೋ ಒಂದು, ಅನೇಕ ವೇಳೆ ಎಲ್ಲವೂ, ಸವೆದಿರುವುದೇ ಇದಕ್ಕೆ ಕಾರಣ. ಸ್ಟೇರಿಂಗಿಗೆ ಡ್ಯಾಂಪರು ಕಟ್ಟಿ ನಡುಕವನ್ನು ಮುಚ್ಚಿಡುವುದು ಜ್ವರಕ್ಕೆ ಕಂಬಳಿ ಹೊದಿಸಿದಂತೆ. ಸವೆತ ತೆಗೆದ ಮೇಲೆ ಬೇಕಿದ್ದರೆ ಡ್ಯಾಂಪರು ಹಾಕಿ.

ಮೂರನೆಯದು ಸ್ಪ್ರಿಂಗು. ಹೆಚ್ಚು ಭಾರ ಹೊರಲೆಂದು ಪ್ಲೇಟಿನ ಮೇಲೆ ಪ್ಲೇಟು ಸೇರಿಸುವುದು ನಮ್ಮಲ್ಲಿ ಸಾಮಾನ್ಯ. ಆಗ ಸ್ಪ್ರಿಂಗು ಬಾಗುವುದಿಲ್ಲ. ಸ್ಪ್ರಿಂಗು ಬಾಗದಿದ್ದರೆ ಆಕ್ಸಲ್ ಓರೆಯಾಗುವುದಿಲ್ಲ. ಒಂದು ಚಕ್ರ ಗಾಳಿಯಲ್ಲಿ ತೇಲುತ್ತದೆ. ಸಾಧಾರಣ ಡಿಫರೆನ್ಷಿಯಲ್ಲಿನ ಗುಣವೇನೆಂದರೆ, ತೇಲಿದ ಚಕ್ರ ಸುಮ್ಮನೆ ತಿರುಗುತ್ತದೆ, ನೆಲದ ಮೇಲಿರುವ ಚಕ್ರಕ್ಕೆ ಎಳೆತ ಸಿಗುವುದಿಲ್ಲ. ಹೀಗೆ ಗಟ್ಟಿ ಆಕ್ಸಲಿನ ಗುಣವನ್ನೇ ಕೊಂದು, ಆಮೇಲೆ ದುಬಾರಿ ಲಾಕರು ಹುಡುಕುತ್ತೇವೆ. ಸರಿಯಾದ ಎಣಿಕೆಯ, ಚೆನ್ನಾಗಿ ಬಾಗುವ ಪ್ಲೇಟುಗಳು, ಹೊಸ ಬುಷ್ಷು, ಒಳ್ಳೆಯ ಶಾಕ್ ಅಬ್ಸಾರ್ಬರು ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ನಾಲ್ಕನೆಯದು ಆಕ್ಸಲ್ಲು ಮತ್ತು ಗೇರಿನ ಪೆಟ್ಟಿಗೆಗಳು. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆಯುತ್ತದೆ. ಗಾಳಿಕಿಂಡಿಗೆ ಒಂದು ರಬ್ಬರು ಕೊಳವೆ ಜೋಡಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಒಯ್ದು ಕಟ್ಟಿದರೆ ಈ ತೊಂದರೆ ತಪ್ಪುತ್ತದೆ. ಇದಕ್ಕೆ ಹೋಗುವ ಹಣ ಒಂದು ದೀಪದ ಬೆಲೆಗಿಂತ ಕಡಿಮೆ. ಗೇರ್ ಆಯಿಲು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆ ದಿನವೇ ಬದಲಿಸಬೇಕು.

ಎಂಜಿನ್ನಿನ ಮಾತು ಐದನೆಯದು, ಮೊದಲನೆಯದಲ್ಲ. ಪೆಟ್ರೋಲ್ ಜೀಪಿಗೆ ಭಾರದ ಡೀಸೆಲ್ ಎಂಜಿನ್ ಕೂರಿಸಿದರೆ ಮುಂದಿನ ಸ್ಪ್ರಿಂಗು, ಗೇರು ಪೆಟ್ಟಿಗೆ, ಕ್ರೌನು-ಪಿನಿಯನ್ನು, ಬ್ರೇಕು ಎಲ್ಲದರ ಮೇಲೂ ಹೊರೆ ಬೀಳುತ್ತದೆ. ವಾಸ್ತವವಾಗಿ ತೋಟದ ಜೀಪಿಗೆ ಬೇಕಾದುದು ಶಕ್ತಿಗಿಂತ ನಿಧಾನ. ಸಿಜೆ-3ಬಿ ಜೀಪಿನಲ್ಲಿ ಲೋ ಗೇರು ಹಾಕಿ ಒಂದನೇ ಗೇರಿನಲ್ಲಿ ಹೊರಟರೆ ಎಂಜಿನ್ ಸುಮಾರು 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಏರಿನಲ್ಲಿ ಅದು ಬಲ, ಇಳಿಜಾರಿನಲ್ಲಿ ಅದೇ ಎಲ್ಲಕ್ಕಿಂತ ನಂಬಿಕೆಯ ಬ್ರೇಕು. ಆ ಲೋ ಗೇರಿನ ಕಡ್ಡಿ ತುಕ್ಕು ಹಿಡಿದು ಕೂತಿರುವಾಗ ನೂರು ಕುದುರೆ ಬಲದ ಎಂಜಿನ್ ತಂದು ಪ್ರಯೋಜನವೇನು? ಆದರೆ ನಾಲ್ಕು ಚಕ್ರದ ಎಳೆತವನ್ನು ಒಣ ಟಾರು ರಸ್ತೆಯಲ್ಲಿ ಬಳಸಬಾರದು. ತಿರುವಿನಲ್ಲಿ ಹಿಂದಿನ ಮುಂದಿನ ಆಕ್ಸಲುಗಳು ಒಂದಕ್ಕೊಂದು ಎಳೆದಾಡಿ ಗೇರುಗಳು ಬಿಗಿದುಕೊಳ್ಳುತ್ತವೆ.

ಇಷ್ಟೆಲ್ಲ ಆದ ಮೇಲೆ ಹಣ ಮಿಕ್ಕಿದರೆ ಟೈರು, ವಿಂಚು, ಬಣ್ಣ ಯಾವುದಾದರೂ ಬರಲಿ. ಚಾಸಿಗೆ ಸರಿಯಾಗಿ ಬಿಗಿದ, ತಲೆ ಕಾಯುವ ರೋಲ್ ಬಾರ್ ಅಲಂಕಾರವಲ್ಲ, ಅದು ಬೇಕು. ಬಾಡಿಯ ತಗಡಿಗೆ ಬೆಸುಗೆ ಹಾಕಿದ ತೆಳು ಪೈಪು ಮಾತ್ರ ಬರೀ ತೋರಿಕೆ.

ಯಾರನ್ನು ಕೂರಿಸುತ್ತೇವೆ?

ಈಗ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇವೆ. ಹೆಸರೇ ಸೂಚಿಸುವಂತೆ ಹ್ಯಾಂಡ್‌ಪೋಸ್ಟ್ ದಾರಿ ತೋರುವ ಕೈಮರದ ಜಾಗ. ಮೈಸೂರು, ಹುಣಸೂರು, ಸರಗೂರು, ಮಾನಂದವಾಡಿ ಎಂದು ದಾರಿಗಳು ಇಲ್ಲಿಂದ ಕವಲೊಡೆಯುತ್ತವೆ. ಕಾಫಿ ಕೊಯ್ಲಿನ ಕಾಲದಲ್ಲಿ ಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಹಾಡಿಗಳಿಂದ ಜೇನುಕುರುಬರು, ಬೆಟ್ಟಕುರುಬರು, ಯರವರು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವುದು ಬಹುಕಾಲದಿಂದ ನಡೆದುಬಂದದ್ದು. ನಸುಕಿನಲ್ಲಿ ಜೀಪು ಹಾಡಿಯ ಮುಂದೆ ನಿಲ್ಲುತ್ತದೆ. ಹೆಂಗಸರು, ಗಂಡಸರು, ಕೆಲವೊಮ್ಮೆ ಕಂಕುಳ ಕೂಸುಗಳೂ ಹತ್ತುತ್ತವೆ. ಒಳಗೆ ಜಾಗವಿಲ್ಲದವರು ಹಿಂದೆ ಜೋತುಬೀಳುತ್ತಾರೆ. ಇದನ್ನು ನೋಡಿಲ್ಲವೆನ್ನುವ ಬೆಳೆಗಾರ ನಮ್ಮಲ್ಲಿ ಯಾರೂ ಇರಲಾರರು.

ಸೈನ್ಯ ಈ ಗಾಡಿಯನ್ನು ಕಾಲು ಟನ್ನಿನ ಟ್ರಕ್ಕೆಂದು ಕರೆಯಿತು ಎಂದೆವು. ಅಮೆರಿಕದ ಕಾಲು ಟನ್ನೆಂದರೆ ಸುಮಾರು 227 ಕಿಲೋ. ಐವತ್ತು ಕಿಲೋದ ಹನ್ನೆರಡು ಜನ ಕುಳಿತರೆ 600 ಕಿಲೋ. ಆಮೇಲೆ ಬಂದ ಉದ್ದ ಚಾಸಿಯ ಜೀಪುಗಳಿಗೆ ಹೆಚ್ಚಿನ ಶಕ್ತಿಯಿದೆ, ನಿಜ. ಆದರೆ ಎಷ್ಟು ಜನರಿಗೆ ಎಂಬುದು ಆರ್‌ಸಿ ಪುಸ್ತಕದಲ್ಲೇ ಬರೆದಿರುತ್ತದೆ. ಅದನ್ನು ಮೀರಿದ ಒಬ್ಬೊಬ್ಬ ಮನುಷ್ಯನೂ ಬ್ರೇಕಿನ ಮೇಲಿನ ಹೊರೆ, ಭಾರಕೇಂದ್ರದ ಏರಿಕೆ. ಎತ್ತರಿಸಿದ, ದೊಡ್ಡ ಟೈರಿನ, ಒಂದೇ ದಾರಿಯ ಬ್ರೇಕಿನ ಜೀಪಿನಲ್ಲಿ ಹೀಗೆ ಜನ ತುಂಬುವುದು ಅಪಘಾತಕ್ಕೆ ಆಹ್ವಾನ ಕೊಟ್ಟಂತೆ. ಜೀಪು ಮಗುಚಿದರೆ ಮುಂದೆ ಕುಳಿತ ಮಾಲೀಕನಿಗೆ ಹಿಡಿದುಕೊಳ್ಳಲು ಏನಾದರೂ ಇದ್ದೀತು. ಹಿಂದೆ ಅಡ್ಡ ಬೆಂಚಿನ ಮೇಲೆ ಕುಳಿತ ಕೂಲಿಯವರಿಗೆ ಏನೂ ಇರುವುದಿಲ್ಲ.

ವಿಮೆ ಇದೆಯಲ್ಲ ಎಂದು ಕೆಲವರು ಹೇಳುವುದುಂಟು. ಖಾಸಗಿ ಗಾಡಿಯಲ್ಲಿ ಬಾಡಿಗೆಗೆ ಜನ ಸಾಗಿಸಿದರೆ ಅದು ಪರವಾನಗಿಯ ಉಲ್ಲಂಘನೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪಿತ್ತಿದೆ. ಕಡ್ಡಾಯವಾದ ಮೂರನೇ ವ್ಯಕ್ತಿಯ ವಿಮೆ ಮಾತ್ರ ಕಟ್ಟಿದ್ದರೆ ಒಳಗೆ ಕುಳಿತವರಿಗೆ ರಕ್ಷಣೆ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಕಳೆದುಕೊಳ್ಳುವವರು ಹಾಡಿಯ ಜನ. ಕೈಯಿಂದ ಕಟ್ಟಿಕೊಡಬೇಕಾದವರು ನಾವು. ಹೋದ ಜೀವವನ್ನು ಮಾತ್ರ ಯಾರೂ ಕಟ್ಟಿಕೊಡಲಾರರು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲತಃ ಹೇಳಿದ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಮುಂದೆ ಕಬ್ಬಿಣದ ಗಾರ್ಡು ಹಾಕುವುದೂ ಈ ಕಲಮಿಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಮಂತ್ರಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ಎಂಜಿನ್ ಬದಲಿಸುವವರು, ಇಂಧನ ಬದಲಿಸುವವರು ಸಾರಿಗೆ ಅಧಿಕಾರಿಗಳ ಅನುಮತಿ ಪಡೆದು ಆರ್‌ಸಿ ಪುಸ್ತಕದಲ್ಲಿ ದಾಖಲು ಮಾಡಿಸಲೇಬೇಕು. ಕೆಲಸ ಮಾಡಿಸಿದ ಮೇಲೆ ಅನುಮತಿ ಕೇಳುವುದಲ್ಲ. ಕೇಳಿದ ಮೇಲೆ ಕೆಲಸ ಮಾಡಿಸುವುದು. ಮೇಲೆ ನಾವು ಹೇಳಿದ ಬ್ರೇಕಿನ ಬದಲಾವಣೆ, ರೋಲ್ ಬಾರ್ ಮುಂತಾದವಕ್ಕೂ ಹುಣಸೂರಿನ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ವರ್ಷ ಮೀರಿದ ಗಾಡಿಗಳಿಗೆ 2025ರಲ್ಲಿ ಮತ್ತೆ ಏರಿತು. ಹಳೆಯ ಗಾಡಿ ಇಟ್ಟುಕೊಳ್ಳುವುದನ್ನು ಸರ್ಕಾರ ದುಬಾರಿ ಮಾಡುತ್ತಿದೆ. ಹಳೆಯ ಗಾಡಿಯೆಂದರೆ ಹೊಗೆ ಮತ್ತು ಅಪಾಯ ಎಂಬ ಭಾವನೆ ನಗರದಲ್ಲಿದೆ. ನಗರಕ್ಕೆ ಅದು ಸರಿಯಿರಬಹುದು. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರು, ಅದರಲ್ಲೂ ಬಹುಪಾಲು ತೋಟದೊಳಗೆ ಓಡುವ ಜೀಪಿಗೆ ಬೇರೆ ಅಳತೆಗೋಲು ಬೇಕೆಂದು ನಾವು ಕೇಳಬಹುದು. ಆದರೆ ಕೇಳುವ ಮೊದಲು ನಮ್ಮ ಜೀಪುಗಳು ಯಾವ ತಪಾಸಣೆಗೂ ನಿಲ್ಲುವಂತಿರಬೇಕು. ಬ್ರೇಕಿಲ್ಲದ ಜೀಪಿನಲ್ಲಿ ಜನ ತುಂಬಿಕೊಂಡು ಹೋಗಿ ರಿಯಾಯಿತಿ ಕೇಳಿದರೆ ಯಾವ ಅಧಿಕಾರಿ ಕಿವಿಗೊಟ್ಟಾನು?

ಕೆಲವು ಆಕ್ಷೇಪಗಳು

ಯುವಕರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೀರಿ ಎಂಬ ಆಕ್ಷೇಪ ಬರಬಹುದು. ಹಾಗಲ್ಲ. ಒಂದು ಆಕ್ಸಲನ್ನು ಬಿಚ್ಚಿ, ಬೇರಿಂಗಿನ ಬಿಗಿ ನೋಡಿ, ಶಿಮ್ಮು ಕೊಟ್ಟು ಕೂರಿಸಿ, ಸೀಲು ಹಾಕಿ ಮುಚ್ಚುವ ಕೆಲಸದಲ್ಲಿ ಕಲಿಯುವುದು ಬಹಳವಿದೆ. ನಮ್ಮ ಮಕ್ಕಳು ಪಟ್ಟಣದ ಕಡೆ ಮುಖ ಮಾಡಿರುವ ಈ ಕಾಲದಲ್ಲಿ ಕೈಗೆ ಗ್ರೀಸು ಹಚ್ಚಿಕೊಳ್ಳಲು ಹಿಂಜರಿಯದ ಹುಡುಗರಿದ್ದರೆ ಅದು ಸಂತೋಷದ ಸಂಗತಿ. ಆ ಶ್ರಮ ಕಣ್ಣಿಗೆ ಕಾಣುವ ಭಾಗಕ್ಕಿಂತ ಮೊದಲು ಕಾಣದ ಭಾಗಕ್ಕೆ ಸಲ್ಲಲಿ ಎಂಬುದಷ್ಟೇ ನಮ್ಮ ಮಾತು.

ಜನರನ್ನು ಎರಡು ಸಲ ಸಾಗಿಸಿದರೆ ಡೀಸೆಲ್ ಖರ್ಚು ದುಪ್ಪಟ್ಟಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದು ನಿಜವಾದ ತೊಂದರೆ, ಇದನ್ನು ತಳ್ಳಿಹಾಕುವುದಿಲ್ಲ. ಬೆಲೆ ಏರಿಳಿತ, ಕೂಲಿ, ಗೊಬ್ಬರ ಎಲ್ಲದರ ನಡುವೆ ಸಣ್ಣ ಬೆಳೆಗಾರನಿಗೆ ಅದೂ ಹೊರೆಯೇ. ಆದರೆ ಈ ಹೊರೆಯನ್ನು ಕೂಲಿಯವರ ಜೀವದ ಮೇಲೆ ಇಳಿಸುವುದು ನ್ಯಾಯವಲ್ಲ. ಒಬ್ಬೊಬ್ಬರಾಗಿ ಹೊರಲಾಗದ್ದನ್ನು ಒಟ್ಟಾಗಿ ಹೊರುವುದಕ್ಕಲ್ಲವೇ ಸಹಕಾರ ಸಂಘ ಇರುವುದು?

ಸಂಘ ಏನು ಮಾಡಬಹುದು?

ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ನಾಲ್ಕು ಸಲಹೆಗಳನ್ನಿಡುತ್ತೇವೆ.

ಒಂದು: ಕೊಯ್ಲಿಗೆ ಮುಂಚೆ ವರ್ಷಕ್ಕೊಮ್ಮೆ ಸದಸ್ಯರ ಜೀಪುಗಳ ತಪಾಸಣೆ. ನುರಿತ ಇಬ್ಬರು ಮೆಕ್ಯಾನಿಕ್‌ಗಳನ್ನು ಕರೆಸಿ, ಬ್ರೇಕು, ಕೈಬ್ರೇಕು, ಸ್ಟೇರಿಂಗಿನ ಸವೆತ, ಸ್ಪ್ರಿಂಗು, ಯು-ಬೋಲ್ಟು, ಲೋ ಗೇರು, ಟೈರು ಇಷ್ಟನ್ನು ನೋಡಿ ಚೀಟಿ ಬರೆದುಕೊಡುವುದು. ದಂಡ ಬೇಡ, ಚೀಟಿ ಸಾಕು.

ಎರಡು: ಮಾಸ್ಟರ್ ಸಿಲಿಂಡರು, ಲೈನಿಂಗು, ಬ್ರೇಕ್ ಪೈಪು, ಕಿಂಗ್‌ಪಿನ್ ಬೇರಿಂಗು, ಟೈರಾಡ್ ಎಂಡು, ಸೀಲು - ಇವನ್ನು ಸಂಘವೇ ಒಟ್ಟಾಗಿ ತರಿಸಿ ಗೊಬ್ಬರದಂತೆ ಸದಸ್ಯರಿಗೆ ಹಂಚುವುದು. ಬಿಡಿಭಾಗ ಸಿಗುವುದಿಲ್ಲವೆಂದು ಹಳೆಯದನ್ನೇ ತಿಕ್ಕಿ ಹಾಕುವ ಪದ್ಧತಿ ಇದರಿಂದ ತಪ್ಪೀತು. ಬೇರಿಂಗು ಎಳೆಯುವ ಪುಲ್ಲರು, ಪ್ರೆಸ್ಸು, ಟಾರ್ಕ್ ಸ್ಪ್ಯಾನರು ಮುಂತಾದ ದುಬಾರಿ ಸಾಮಾನುಗಳನ್ನು ಪಂಪುಸೆಟ್ಟು, ಸ್ಪ್ರೇಯರು ಕೊಡುವ ಹಾಗೆ ಬಾಡಿಗೆಗೆ ಕೊಡಬಹುದು.

ಮೂರು: ಜೀಪು ರಿಪೇರಿಗೆಂದು ಸಾಲ ಕೊಡುವಾಗ ಬ್ರೇಕು ಮತ್ತು ಸ್ಟೇರಿಂಗಿನ ಕೆಲಸಕ್ಕೆ ಮೊದಲ ಆದ್ಯತೆ. ಅಲಂಕಾರಕ್ಕೆ ಸಾಲವಿಲ್ಲ.

ನಾಲ್ಕು: ಅಕ್ಕಪಕ್ಕದ ತೋಟದವರು ಸೇರಿ ಕೊಯ್ಲಿನ ತಿಂಗಳುಗಳಿಗೆ ಪರವಾನಗಿಯಿರುವ ಒಂದು ಸಣ್ಣ ಬಸ್ಸನ್ನು ಗೊತ್ತು ಮಾಡಿಕೊಳ್ಳುವುದು. ಬಸ್ಸು ತೋಟದ ಗೇಟಿನವರೆಗೆ ಬರಲಿ. ಅಲ್ಲಿಂದ ಒಳಗೆ ಜೀಪು, ಆರ್‌ಸಿಯಲ್ಲಿ ಹೇಳಿದಷ್ಟೇ ಜನ. ಇದರ ಖರ್ಚು ಎಷ್ಟಾದೀತು, ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಸಭೆ ಚರ್ಚಿಸಲಿ.

ಈ ಸಲಹೆಗಳಲ್ಲಿ ಲೋಪವಿದ್ದರೆ ಸದಸ್ಯರು ಬರೆದು ತಿಳಿಸಬೇಕು. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಜೀಪು ಚೆನ್ನಾಗಿ ಓಡಿಸುವ ಚಾಲಕರು, ಅದನ್ನು ಬಿಚ್ಚಿ ಕಟ್ಟುವ ಮೆಕ್ಯಾನಿಕ್‌ಗಳು ಬರೆದರಂತೂ ಇನ್ನೂ ಒಳ್ಳೆಯದು. ಅದಕ್ಕೆ ಮುಂಚೆ, ಈ ವಾರವೇ ಪ್ರತಿಯೊಬ್ಬ ಸದಸ್ಯರೂ ತಮ್ಮ ಜೀಪನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಕೆಳಗೆ ತೂರಿ, ನಾಲ್ಕು ಚಕ್ರದ ಬ್ರೇಕ್ ಪೈಪುಗಳನ್ನು ಕೈಯಿಂದ ಮುಟ್ಟಿ ನೋಡಲಿ. ಬಿರುಕು ಕಂಡರೆ, ತೇವ ತಾಗಿದರೆ, ಆ ಜೀಪು ಮರುದಿನ ಬೆಳಿಗ್ಗೆ ಹಾಡಿಯ ಕಡೆ ಹೊರಡದಿರಲಿ.